ಪಂಪು ಸ್ಟಾರ್ಟರಿನ ಪಾಯಿಂಟುಗಳಿಂದ ಬೆಳ್ಳಿ: ಮನೆಯಲ್ಲಿ ಬೇರ್ಪಡಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವ ಅಡಿಕೆ ತೋಟದ ಪಂಪು ಶೆಡ್ಡಿಗೆ ಹೋದರೂ ಮೂಲೆಯಲ್ಲಿ ಒಂದೆರಡು ಹಾಳಾದ ಸ್ಟಾರ್ಟರುಗಳು ಬಿದ್ದಿರುತ್ತವೆ. ಒಂದರ ಕಾಯಿಲ್ ಸುಟ್ಟಿರುತ್ತದೆ, ಇನ್ನೊಂದು ಸಿಡಿಲಿಗೆ ಹೋಗಿರುತ್ತದೆ, ಮತ್ತೊಂದರಲ್ಲಿ ವೋಲ್ಟೇಜ್ ಇಳಿದು ಪಾಯಿಂಟುಗಳು ಅಂಟಿಕೊಂಡಿರುತ್ತವೆ. ಗುಜರಿಯವರು ಅದನ್ನು ಕಬ್ಬಿಣ, ಪ್ಲಾಸ್ಟಿಕ್ಕಿನ ತೂಕಕ್ಕೆ ಒಯ್ಯುತ್ತಾರೆ. ಆದರೆ ಒಳಗಿನ ಆ ಸಣ್ಣ ಬಿಳಿ ಬಿಲ್ಲೆಗಳಲ್ಲಿ, ಅಂದರೆ ಪಾಯಿಂಟುಗಳಲ್ಲಿ, ನೂರಕ್ಕೆ 85ರಿಂದ 90 ಪಾಲು ಬೆಳ್ಳಿ ಇರುತ್ತದೆ. ಮನೆಯ ವಿದ್ಯುತ್ ಗುಜರಿಯಲ್ಲಿ ಬೆಳ್ಳಿ ಇಷ್ಟು ದಟ್ಟವಾಗಿ ಸಿಗುವ ಜಾಗ ಬೇರೆ ಇಲ್ಲ.

ಉಳಿದ 10–15 ಪಾಲು ಏನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಬರಿಯ ಬೆಳ್ಳಿಯ ಪಾಯಿಂಟು ಕಿಡಿ ಹಾರಿದಾಗ ಮೇಲ್ಮೈ ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಅದನ್ನು ತಡೆಯಲು ದಶಕಗಳ ಕಾಲ ಬೆಳ್ಳಿಯೊಳಗೆ ಕ್ಯಾಡ್ಮಿಯಂ ಆಕ್ಸೈಡನ್ನು ಬೆರೆಸುತ್ತಿದ್ದರು. ಈಚಿನವುಗಳಲ್ಲಿ ಅದರ ಬದಲು ತವರದ ಆಕ್ಸೈಡ್ ಅಥವಾ ನಿಕ್ಕಲ್ ಇರಬಹುದು. ಎಂಸಿಬಿಗಳಲ್ಲಿ (ಹೆಚ್ಚು ಕರೆಂಟು ಹರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚುಗಳಲ್ಲಿ) ಟಂಗ್‌ಸ್ಟನ್ ಅಥವಾ ಗ್ರಾಫೈಟ್ ಬೆರೆತಿರುತ್ತದೆ. ಕಣ್ಣಿಂದ ನೋಡಿ ಇದು ಇಂಥದ್ದೇ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಕೈಗೆ ಬಂದ ಪ್ರತಿ ಪಾಯಿಂಟಿನಲ್ಲೂ ಕ್ಯಾಡ್ಮಿಯಂ ಇದೆ ಎಂದೇ ಹಿಡಿದು ನಡೆಯಬೇಕು. ಕೆಳಗೆ ಹೇಳಿದ ಒಂದೊಂದು ಹೆಜ್ಜೆಯೂ ಹಾಗೆ ಯಾಕಿದೆ ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಇದೊಂದೇ.

ಪಾಯಿಂಟುಗಳನ್ನು ನೇರವಾಗಿ ಮೂಸೆಗೆ ಹಾಕಿ ಟಾರ್ಚು ಹಿಡಿದು ಕರಗಿಸುವವರಿದ್ದಾರೆ. ಇದನ್ನು ಯಾವತ್ತೂ ಮಾಡಬಾರದು. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿಯಲ್ಲಿ, ಕ್ಯಾಡ್ಮಿಯಂ ಕುದಿದು ಆವಿಯಾಗುವುದು 767 ಡಿಗ್ರಿಯಲ್ಲಿ. ಬೆಳ್ಳಿ ನೀರಾಗುವ ಮೊದಲೇ ಕ್ಯಾಡ್ಮಿಯಂ ಹೊಗೆಯಾಗಿ ಎದ್ದಿರುತ್ತದೆ. ಆ ಹೊಗೆ ಕುಡಿದವನಿಗೆ ಆ ಹೊತ್ತಿಗೆ ಏನೂ ಅನ್ನಿಸದೆ ಇರಬಹುದು. ಕೆಲವು ಗಂಟೆ ಕಳೆದು ಜ್ವರ, ಎದೆಬಿಗಿತ ಶುರುವಾಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ಜೀವ ಹೋಗುವುದೂ ಉಂಟು. ಸಣ್ಣ ಪ್ರಮಾಣದಲ್ಲಿ ಪದೇಪದೇ ಒಳಹೋದರೆ ಮೂತ್ರಪಿಂಡ ಕೆಡುತ್ತದೆ. ಪಾಯಿಂಟನ್ನು ತಾಮ್ರದ ಪಟ್ಟಿಗೆ ಕೂರಿಸಿದ ಹಳೆಯ ಬೆಸುಗೆಯಲ್ಲೂ ಕ್ಯಾಡ್ಮಿಯಂ ಇರಬಹುದಾದ್ದರಿಂದ, ‘ಬೆಸುಗೆ ಬಿಡುವಷ್ಟು ಮಾತ್ರ ಬಿಸಿಮಾಡಿ ಬಿಲ್ಲೆ ಕಳಚುತ್ತೇನೆ’ ಎನ್ನುವುದೂ ಸಲ್ಲದು.

ಸರಿಯಾದ ದಾರಿ ನೈಟ್ರಿಕ್ ಆಸಿಡ್‌ನದು. ಪಾಯಿಂಟುಗಳನ್ನು ಆಸಿಡ್‌ನಲ್ಲಿ ಕರಗಿಸಿ, ಆ ದ್ರಾವಣದಲ್ಲಿ ತಾಮ್ರ ಇಳಿಬಿಟ್ಟರೆ ಬೆಳ್ಳಿ ಮಾತ್ರ ಪುಡಿಯಾಗಿ ಕೆಳಗಿಳಿಯುತ್ತದೆ. ಕ್ಯಾಡ್ಮಿಯಂ, ನಿಕ್ಕಲ್, ಸತು ಎಲ್ಲ ನೀರಿನಲ್ಲೇ ಉಳಿಯುತ್ತವೆ, ಏಕೆಂದರೆ ತಾಮ್ರವು ತನಗಿಂತ ಶ್ರೇಷ್ಠ, ಅಂದರೆ ತನಗಿಂತ ಕಡಿಮೆ ಕ್ರಿಯಾಶೀಲವಾದ, ಲೋಹಗಳನ್ನು ಮಾತ್ರ ದ್ರಾವಣದಿಂದ ಹೊರಗೆಳೆಯಬಲ್ಲದು. ಮೂಸೆಗೆ ಹೋಗುವ ಹೊತ್ತಿಗೆ ಬೆಳ್ಳಿಯ ಜತೆ ಕ್ಯಾಡ್ಮಿಯಂ ಇರುವುದಿಲ್ಲ.

ಏನನ್ನು ಆರಿಸಬೇಕು, ಏನನ್ನು ಮುಟ್ಟಬಾರದು

ಮೂರು ಫೇಸಿನ ಸ್ಟಾರ್ಟರಿನ ಕಾಂಟ್ಯಾಕ್ಟರಿನಲ್ಲಿ (ಕಾಯಿಲ್ ಎಳೆದಾಗ ಪಾಯಿಂಟುಗಳನ್ನು ಕೂಡಿಸುವ ಭಾಗದಲ್ಲಿ) ಫೇಸಿಗೆ ನಾಲ್ಕರಂತೆ ಒಟ್ಟು 12 ಬಿಲ್ಲೆಗಳು ಸಿಗುತ್ತವೆ: 6 ಕೂತಿರುವವು, 6 ಚಲಿಸುವವು. ಇದಲ್ಲದೆ ವೋಲ್ಟೇಜ್ ಸ್ಟೆಬಿಲೈಸರಿನ ರಿಲೇಗಳು, ಇನ್ವರ್ಟರಿನ ರಿಲೇಗಳು, ಫ್ರಿಜ್ಜಿನ ಥರ್ಮೋಸ್ಟಾಟ್, ನೀರಿನ ಟ್ಯಾಂಕಿಯ ಫ್ಲೋಟ್ ಸ್ವಿಚ್ಚು ಇವುಗಳಲ್ಲೂ ಬೆಳ್ಳಿಯ ಪಾಯಿಂಟುಗಳಿರುತ್ತವೆ. ವೋಲ್ಟೇಜ್ ನಿಲ್ಲದ ನಮ್ಮ ಗುಡ್ಡೆಗಾಡಿನ ಊರುಗಳಲ್ಲಿ ಸ್ಟೆಬಿಲೈಸರಿಗೆ ಬರವಿಲ್ಲ. ಸಣ್ಣ ರಿಲೇಗಳಲ್ಲಿ ಒಂದು ವಿಷಯ ನೆನಪಿರಲಿ: ಅಲ್ಲಿನ ರಿವೆಟಿನ ತಲೆಯ ಮೇಲೆ ಮಾತ್ರ ಬೆಳ್ಳಿಯ ತೆಳು ಪದರ, ಕಾಲು ಪೂರ್ತಿ ತಾಮ್ರ. ಎಣ್ಣೆಯೊಳಗೆ ಮುಳುಗಿರುವ ಬಹಳ ಹಳೆಯ ಸ್ಟಾರ್ಟರುಗಳ ಪಾಯಿಂಟುಗಳು ಹೆಚ್ಚಾಗಿ ತಾಮ್ರದವೇ. ಅವುಗಳಿಗೆ ಆಸಿಡ್ ಹಾಳುಮಾಡಬೇಡಿ.

ಸಂಶಯವಿದ್ದರೆ ಪರೀಕ್ಷೆ ಸುಲಭ. ಬಿಲ್ಲೆಯ ಮೇಲೆ ಅರದಿಂದ ಒಂದು ಗೀರು ಹಾಕಿ, ಅಲ್ಲಿ ನೀರು ಬೆರೆಸಿ ತೆಳುವಾಗಿಸಿದ ನೈಟ್ರಿಕ್ ಆಸಿಡ್ ಒಂದು ಹನಿ ಇಡಿ, ಅರ್ಧ ನಿಮಿಷ ಬಿಡಿ. ಆ ಹನಿಗೆ ಒಂದು ಹನಿ ಉಪ್ಪುನೀರು ಮುಟ್ಟಿಸಿದಾಗ ಮೊಸರು ಒಡೆದಂತೆ ಬಿಳಿ ಗಂಟು ಬಂದು, ಬಿಸಿಲಲ್ಲಿ ನೇರಳೆ-ಬೂದಿ ಬಣ್ಣಕ್ಕೆ ತಿರುಗಿದರೆ ಅದು ಬೆಳ್ಳಿ. ಹಸಿರು-ನೀಲಿ ಮಾತ್ರ ಕಂಡರೆ ತಾಮ್ರ.

ಕಂಪ್ಯೂಟರ್ ಕೀಬೋರ್ಡಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ಶಾಯಿಯ ಗೆರೆಗಳಿರುವುದು ನಿಜ. ಆದರೆ ಒಂದು ಹಾಳೆಯಿಂದ ಸಿಗುವುದು ಗ್ರಾಮಿನ ಸಣ್ಣ ಭಾಗ. ಸೀಸವಿಲ್ಲದ ಬೆಸುಗೆಯಲ್ಲಿ ನೂರಕ್ಕೆ ಸುಮಾರು 3 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತವರ. ಮನೆಯಲ್ಲಿ ಮಾಡುವವರಿಗೆ ಇವೆರಡೂ ಬೇಡ. ಸರ್ಕ್ಯೂಟ್ ಬೋರ್ಡನ್ನು ಸುಡುವುದಂತೂ ಬೇಡವೇ ಬೇಡ.

ಪಾದರಸ ಇರುವ ಗಾಜಿನ ಸ್ವಿಚ್ಚು ಕಂಡರೆ ಒಡೆಯದೆ ಬದಿಗಿಡಿ. ಹಳೆಯ ದೊಡ್ಡ ಕಾಂಟ್ಯಾಕ್ಟರುಗಳಲ್ಲಿ ಕಿಡಿ ತಡೆಯುವ ಬೂದಿ ಬಣ್ಣದ ಹಲಗೆಗಳಿರುತ್ತವೆ. ಅವು ನಾರುನಾರಾಗಿ ಕಂಡರೆ ಕಲ್ನಾರು ಇರಬಹುದು. ಒದ್ದೆಮಾಡಿ, ಒಡೆಯದೆ ಎತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಾಳಾದ ಮೈಕ್ರೋವೇವ್ ಒಲೆಯ ಮ್ಯಾಗ್ನೆಟ್ರಾನ್ ಒಡೆದು ನೋಡುವ ಚಪಲವೂ ಬೇಡ. ಕೆಲವು ಹಳೆಯ ಸಿರಾಮಿಕ್ ಭಾಗಗಳಲ್ಲಿ ಬೆರಿಲಿಯಂ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ಬಿಡಿಸುವಾಗ ಕಟ್ಟಿಂಗ್ ಪ್ಲಯರ್, ತಗಡು ಕತ್ತರಿ, ಉಳಿ-ಸುತ್ತಿಗೆ ಸಾಕು. ಗ್ರೈಂಡರ್ ಹಾಕಬಾರದು, ಆ ಧೂಳಿನಲ್ಲೂ ಕ್ಯಾಡ್ಮಿಯಂ ಇರುತ್ತದೆ. ಬಿಲ್ಲೆಯ ಹಿಂದಿನ ತಾಮ್ರ, ಹಿತ್ತಾಳೆಯನ್ನು ಆದಷ್ಟು ಹತ್ತಿರಕ್ಕೆ ಕತ್ತರಿಸಿ. ಈ ಕೆಲಸದಲ್ಲಿ ಸೋಮಾರಿತನ ಮಾಡಿದರೆ ನಷ್ಟ ನೇರ ಜೇಬಿಗೆ: ಒಂದು ಗ್ರಾಂ ಬೆಳ್ಳಿ ಕರಗಲು ಸುಮಾರು 1.2 ಮಿಲಿಲೀಟರ್ ಗಟ್ಟಿ ಆಸಿಡ್ ಸಾಕು, ಒಂದು ಗ್ರಾಂ ತಾಮ್ರಕ್ಕೆ 4 ಮಿಲಿಲೀಟರಿಗಿಂತ ಹೆಚ್ಚು ಬೇಕು. ತಾಮ್ರ ಹೆಚ್ಚಿದಷ್ಟು ಕಂದು ಹೊಗೆಯೂ ಹೆಚ್ಚು, ಕೊನೆಗೆ ಉಳಿಯುವ ವಿಷದ ನೀರೂ ಹೆಚ್ಚು. ಉಕ್ಕಿನ ಚೂರುಗಳನ್ನು ಅಯಸ್ಕಾಂತ ಹಿಡಿದು ತೆಗೆಯಿರಿ. ತವರದ ಬೆಸುಗೆ ಅಂಟಿದ ತುಂಡುಗಳನ್ನು ಬೇರೆ ಇಡಿ. ನೈಟ್ರಿಕ್ ಆಸಿಡ್‌ನಲ್ಲಿ ತವರ ಕರಗುವ ಬದಲು ಬಿಳಿ ಲೋಳೆಯಾಗಿ ಸೋಸುವ ಕಾಗದವನ್ನೇ ಮುಚ್ಚಿಬಿಡುತ್ತದೆ. ಪಾಯಿಂಟಿನ ಮೇಲಿನ ಕಪ್ಪು ಮಸಿ ತೊಂದರೆ ಕೊಡುವುದಿಲ್ಲ, ಅದನ್ನು ತಿಕ್ಕಿ ತೆಗೆಯಬೇಕಾಗಿಲ್ಲ.

ಆಸಿಡ್, ನೀರು, ಜಾಗ

ಬೇಕಾದದ್ದು 68–70 ಪ್ರತಿಶತದ ನೈಟ್ರಿಕ್ ಆಸಿಡ್. ಬ್ಯಾಟರಿ ಅಂಗಡಿಯ ಆಸಿಡ್ ಬೇರೆ, ಅದು ಗಂಧಕಾಮ್ಲ. ಸುಪ್ರೀಂ ಕೋರ್ಟಿನ 2013ರ ನಿರ್ದೇಶನದ ಬಳಿಕ ಬಿಡಿಯಾಗಿ ಆಸಿಡ್ ಕೊಳ್ಳುವಾಗ ಸರ್ಕಾರಿ ಗುರುತಿನ ಚೀಟಿ ತೋರಿಸಬೇಕು, ಯಾವ ಕೆಲಸಕ್ಕೆ ಎಂದು ಬರೆಸಬೇಕು, 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಇನ್ನೊಂದು ಮಾತು: ಇಲ್ಲಿ ಹೇಳುತ್ತಿರುವುದು ಸ್ವಂತ ಮನೆ, ತೋಟದ ಹಾಳಾದ ಸಾಮಾನಿನ ಮಟ್ಟಿಗೆ. ಊರವರ ಇ-ತ್ಯಾಜ್ಯ ಕೊಂಡು ತಂದು ಸಂಸ್ಕರಿಸಿ ಮಾರುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಬೇಕು.

ಆಸಿಡ್ ಬಾಟಲಿಯನ್ನು ಎಲ್ಲಿಡುತ್ತೀರಿ ಎಂಬುದು ನಮ್ಮ ಕಡೆ ವಿಶೇಷ ಗಮನಿಸಬೇಕಾದ ಸಂಗತಿ. ರಬ್ಬರ್ ಇರುವವರ ಶೆಡ್ಡಿನಲ್ಲಿ ಹಾಲು ಗಟ್ಟಿ ಮಾಡಲು ಫಾರ್ಮಿಕ್ ಆಸಿಡ್ ಇರುತ್ತದೆ. ಅದೂ ನೈಟ್ರಿಕ್ ಆಸಿಡ್ಡೂ ಬೆರೆತರೆ ರಭಸದಿಂದ ಅನಿಲ ಉಕ್ಕುತ್ತದೆ, ಮುಚ್ಚಿದ ಪಾತ್ರೆ ಸಿಡಿಯುತ್ತದೆ. ಎರಡನ್ನೂ ಒಂದೇ ಶೆಡ್ಡಿನಲ್ಲಿ ಇಡಲೇಬೇಡಿ. ಹಾಗೆಯೇ ನೈಟ್ರಿಕ್ ಆಸಿಡ್ ಚೆಲ್ಲಿದರೆ ಅಡಿಕೆ ಸಿಪ್ಪೆ, ತೆಂಗಿನ ನಾರು, ಮರದ ಹುಡಿ ಹಾಕಿ ಒರೆಸಬಾರದು, ಅವು ಬಿಸಿಯೇರಿ ಬೆಂಕಿ ಹಿಡಿಯಬಹುದು. ಮರಳು ಸುರಿದು, ಮೇಲಿಂದ ಸುಣ್ಣದ ಹುಡಿ ಹಾಕಿ. ಸ್ಪಿರಿಟ್ ಮತ್ತು ಅಮೋನಿಯಾ ಎರಡನ್ನೂ ಈ ಕೆಲಸದ ಜಾಗಕ್ಕೇ ತರಬೇಡಿ. ಬೆಳ್ಳಿಯ ದ್ರಾವಣದ ಜತೆ ಸೇರಿ ಅವು ಸ್ಫೋಟಿಸುವ ವಸ್ತುಗಳಾಗುತ್ತವೆ. ಬೆಳ್ಳಿ ಬೇಗ ಒಣಗಲಿ ಎಂದು ಸ್ಪಿರಿಟ್‌ನಲ್ಲಿ ತೊಳೆಯುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ನೀರು ಡಿಸ್ಟಿಲ್ಡ್ ಆಗಿರಬೇಕು. ಕುಂಬಳೆ, ಮಂಜೇಶ್ವರದ ಕರಾವಳಿ ಬಾವಿಗಳ ನೀರಿನಲ್ಲಿ ಉಪ್ಪಿನ ಅಂಶ ಇರುತ್ತದೆ, ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಎರಡೂ ಬೆಳ್ಳಿಯನ್ನು ಬಿಳಿ ಕ್ಲೋರೈಡ್ ಮಾಡಿ ದ್ರಾವಣವನ್ನು ಹಾಲಿನಂತೆ ಕೆಡಿಸುತ್ತವೆ. ಇನ್ವರ್ಟರಿಗೆ ಹಾಕುವ ನೀರು ಸಾಮಾನ್ಯವಾಗಿ ಸಾಕು. ಮೊದಲ ಸಲ ತಯಾರಾದ ಬೆಳ್ಳಿ ದ್ರಾವಣವನ್ನು ಒಂದು ಸಣ್ಣ ಕಂದು ಬಾಟಲಿಯಲ್ಲಿ ಎತ್ತಿಟ್ಟುಕೊಳ್ಳಿ. ಆಮೇಲೆ ಯಾವ ನೀರು ತಂದರೂ ಒಂದು ಹನಿ ಬಿಟ್ಟು ನೋಡಬಹುದು, ಮಬ್ಬಾದರೆ ಆ ನೀರು ಬೇಡ. ಮಳೆಗಾಲದ ನಡುವಿನ ಮಳೆನೀರನ್ನೂ ಹೀಗೆ ಪರೀಕ್ಷಿಸಿ ಬಳಸಬಹುದು, ಆದರೆ ಮಾಡಿನ ನೀರಲ್ಲ, ಅಂಗಳದಲ್ಲಿ ಕಟ್ಟಿದ ಶುಭ್ರ ಪ್ಲಾಸ್ಟಿಕ್ ಹಾಳೆಯಿಂದ ಹಿಡಿದದ್ದು.

ಈ ಕೆಲಸಕ್ಕೆ ನವೆಂಬರಿನಿಂದ ಮೇ ತನಕದ ಒಣ ದಿನಗಳೇ ಸರಿ, ಬಯಲಿನಲ್ಲೇ ಮಾಡಬೇಕು. ಮಳೆ ಬರುತ್ತದೆಂದು ಶೆಡ್ಡಿನೊಳಗೆ, ಬಚ್ಚಲಿನಲ್ಲಿ, ಹಟ್ಟಿಯ ಹತ್ತಿರ ಮಾಡುವಂತಿಲ್ಲ. ಅಡಿಕೆ ಒಣಹಾಕಿದ ಅಂಗಳವೂ ಬೇಡ. ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಬಟ್ಟೆಯ ಮಾಸ್ಕು, ಆಸ್ಪತ್ರೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಗಾಳಿ ಬೆನ್ನಿಗೆ ಬರುವಂತೆ ನಿಂತು, ಪಾತ್ರೆಯಿಂದ ದೂರ ಸರಿದು ಕಾಯುವುದೇ ಮುಖ್ಯ ರಕ್ಷಣೆ. ಅದರ ಕೆಡುಕು ಇರುವುದು ತಡವಾಗಿ ತೋರುವುದರಲ್ಲಿ: ಕೆಮ್ಮು ಬಂದು ನಿಂತ ಮೇಲೆ ಎಲ್ಲ ಸರಿಯಾಯಿತು ಅನ್ನಿಸಿ, ಒಂದು ದಿನದೊಳಗೆ ಉಸಿರಾಟ ಕಟ್ಟಬಹುದು. ಹೊಗೆ ಚೆನ್ನಾಗಿ ಮೂಗಿಗೆ ಹೊಕ್ಕಿದ್ದರೆ ಆರಾಮ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ, ಯಾವ ಹೊಗೆ ಎಂದು ಹೇಳಿ.

ಕಣ್ಣಿಗೆ ಬದಿ ಮುಚ್ಚಿದ ಗಾಗಲ್ಸು, ಮುಖಕ್ಕೆ ಶೀಲ್ಡು, ಕೈಗೆ ದಪ್ಪ ನಿಯೋಪ್ರೀನ್ ಗವಸು ಬೇಕು. ತೆಳು ನೈಟ್ರೈಲ್ ಗವಸನ್ನು ಗಟ್ಟಿ ನೈಟ್ರಿಕ್ ಆಸಿಡ್ ಬಹುಬೇಗ ತಿನ್ನುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇರಲೇಬೇಕು. ಚರ್ಮಕ್ಕೋ ಕಣ್ಣಿಗೋ ತಾಗಿದರೆ ಕನಿಷ್ಠ 15 ನಿಮಿಷ ನೀರು ಹೊಯ್ಯುತ್ತಿರಬೇಕು. ಬೆಳ್ಳಿ ದ್ರಾವಣ ಕೈಗೆ ತಾಗಿದರೆ ಮರುದಿನ ಕಪ್ಪು ಕಲೆ ಏಳುತ್ತದೆ. ಸಾಬೂನಿಗೆ ಹೋಗದು, ಚರ್ಮ ಸವೆದಂತೆ ತಾನೇ ಹೋಗುತ್ತದೆ.

ಆಸಿಡ್‌ನಲ್ಲಿ ಕರಗಿಸುವುದು

ಮೊದಲ ಸಲ 10 ಗ್ರಾಮಿನಿಂದ ಶುರುಮಾಡಿ. ಕೈ ಪಳಗಿದ ಮೇಲೆ 50 ಗ್ರಾಂ ಒಂದು ಹದವಾದ ಅಳತೆ, ಇಲ್ಲಿ ಲೆಕ್ಕ ಹಾಕುವುದು ಅದಕ್ಕೆ. ಚೆನ್ನಾಗಿ ಕತ್ತರಿಸಿದ 50 ಗ್ರಾಂ ಪಾಯಿಂಟಿನಲ್ಲಿ ಸುಮಾರು 42 ಗ್ರಾಂ ಬೆಳ್ಳಿ ಇದೆ ಎಂದಿಟ್ಟುಕೊಂಡರೆ ಅದಕ್ಕೆ 52 ಮಿಲಿಲೀಟರ್, ಕ್ಯಾಡ್ಮಿಯಂ ಮತ್ತು ಅಂಟಿ ಬಂದ ಸ್ವಲ್ಪ ತಾಮ್ರಕ್ಕೆ ಇನ್ನೊಂದು 15, ಒಟ್ಟು 70 ಮಿಲಿಲೀಟರಿನ ಒಳಗೆ ಆಸಿಡ್ ಸಾಕಾಗುತ್ತದೆ. ಅಷ್ಟೇ ನೀರು.

500 ಮಿಲಿಲೀಟರಿನ, ಬಿಸಿ ತಾಳುವ ಬೋರೋಸಿಲಿಕೇಟ್ ಗಾಜಿನ ಬೀಕರನ್ನು ಒಂದು ಅಗಲ ಪ್ಲಾಸ್ಟಿಕ್ ಬೇಸಿನ್ನಿನೊಳಗೆ ಇಡಿ. ಬೀಕರ್ ಒಡೆದರೂ, ಉಕ್ಕಿದರೂ ಬೆಳ್ಳಿ ಬೇಸಿನ್ನಿನಲ್ಲಿ ಉಳಿಯುತ್ತದೆ, ಮಣ್ಣಿಗೆ ಹೋಗುವುದಿಲ್ಲ. ಪಾಯಿಂಟುಗಳನ್ನು ಹಾಕಿ 70 ಮಿಲಿಲೀಟರ್ ನೀರು ಸುರಿಯಿರಿ. ಆಮೇಲೆ ಆಸಿಡ್ ಅನ್ನು 15 ಮಿಲಿಲೀಟರಿನಂತೆ ಹಾಕುತ್ತ ಬನ್ನಿ. ಯಾವಾಗಲೂ ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ಮೊದಲ ಒಂದೆರಡು ನಿಮಿಷ ಏನೂ ಆಗದಂತೆ ಕಾಣುತ್ತದೆ. ಆಗ ತಾಳ್ಮೆಗೆಟ್ಟು ಪೂರ್ತಿ ಸುರಿಯುವುದೇ ಎಲ್ಲರೂ ಮಾಡುವ ತಪ್ಪು. ಬಿಸಿ ಏರಿದಂತೆ ವೇಗ ತಾನಾಗಿ ಹೆಚ್ಚಿ, ಎಲ್ಲ ಆಸಿಡ್ ಒಟ್ಟಿಗೆ ಕೆಲಸಕ್ಕಿಳಿದು ಬೀಕರ್ ಉಕ್ಕುತ್ತದೆ. ಉಕ್ಕುವ ಸೂಚನೆ ಕಂಡರೆ ತಣ್ಣನೆಯ ಡಿಸ್ಟಿಲ್ಡ್ ನೀರನ್ನು ಸ್ವಲ್ಪ ಚಿಮುಕಿಸಿ ಹಿಂದೆ ಸರಿಯಿರಿ (ಇದು ಆಗಲೇ ನೀರು ಬೆರೆತ ಆಸಿಡ್ ಆದ್ದರಿಂದ ಹೀಗೆ ಚಿಮುಕಿಸಬಹುದು). ಬೀಕರಿನ ಬಾಯಿಗೆ ಗಾಜಿನ ತಟ್ಟೆ ಮುಚ್ಚಿರಲಿ, ಸಿಡಿಯುವ ಸಣ್ಣ ಹನಿಗಳಲ್ಲೇ ಬೇಕಾದಷ್ಟು ಬೆಳ್ಳಿ ಹೋಗುತ್ತದೆ.

ಗುಳ್ಳೆ ಕಡಿಮೆಯಾದಾಗ ಬೀಕರನ್ನು ಬೇಸಿನ್ನಿನಿಂದ ಎತ್ತಿ, ಕಾಯಿಲ್ ಒಲೆಯ ಮೇಲಿಟ್ಟ ಕಬ್ಬಿಣದ ಕಾವಲಿಯಲ್ಲಿ ಎರಡು ಬೆರಳು ಮರಳು ಹರಡಿ ಅದರ ಮೇಲಿಟ್ಟು 60–70 ಡಿಗ್ರಿಗೆ ಬಿಸಿಮಾಡಿ. ಒಂದು ಗಂಟೆಯೊಳಗೆ ಹೆಚ್ಚಿನದೆಲ್ಲ ಕರಗಿರುತ್ತದೆ. ಕೊನೆಯಲ್ಲಿ ಒಂದು ಸಣ್ಣ ತುಂಡು ಲೋಹ ಕರಗದೆ ಉಳಿದರೆ ಅದು ಒಳ್ಳೆಯದೇ: ಆಸಿಡ್ ಮಿಕ್ಕಿಲ್ಲ ಎಂದರ್ಥ. ಮಿಕ್ಕ ಆಸಿಡ್ ಮುಂದಿನ ಹಂತದಲ್ಲಿ ತಾಮ್ರವನ್ನು ಸುಮ್ಮನೆ ತಿನ್ನುತ್ತದೆ. ಬಹಳ ಲೋಹ ಉಳಿದು ಗುಳ್ಳೆ ಪೂರ್ತಿ ನಿಂತಿದ್ದರೆ ಮಾತ್ರ 5 ಮಿಲಿಲೀಟರ್ ಸೇರಿಸಿ.

ದ್ರಾವಣದ ಬಣ್ಣ ಮತ್ತು ಗಸಿ ಎರಡೂ ಮಾತಾಡುತ್ತವೆ. ಬರಿಯ ಬೆಳ್ಳಿಗೆ ಬಣ್ಣವಿಲ್ಲ. ನೀಲಿ ತಾಮ್ರದ್ದು, ನಿಂತ ಹಸಿರು ನಿಕ್ಕಲಿನದು. ಬಿಸಿಯಲ್ಲಿ ಹಸಿರಾಗಿದ್ದು ಆರಿದಾಗ ನೀಲಿಯಾದರೆ ಅದು ಕರಗಿದ್ದ ಕಂದು ಅನಿಲದ ಆಟ. ತಳದಲ್ಲಿ ಬಿಳಿ ಹುಡಿ ಕೂತರೆ ಪಾಯಿಂಟಿನಲ್ಲಿ ತವರದ ಆಕ್ಸೈಡ್ ಇತ್ತು, ಹಳದಿ ಹುಡಿ ಅಥವಾ ಬೂದಿ ಬಣ್ಣದ ಸ್ಪಂಜಿನಂಥ ತುಂಡು ಉಳಿದರೆ ಟಂಗ್‌ಸ್ಟನ್, ಕಪ್ಪು ಹುಡಿಯಾದರೆ ಗ್ರಾಫೈಟ್. ಆರಿದಾಗ ಸೂಜಿಯಂಥ ಹರಳುಗಳು ಕಂಡರೆ ಗಾಬರಿ ಬೇಡ, ಅದು ಬೆಳ್ಳಿಯ ನೈಟ್ರೇಟೇ, ದ್ರಾವಣ ಅತಿ ಗಟ್ಟಿಯಾಗಿದೆ ಅಷ್ಟೆ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರು ಹಾಕಿದರೆ ಮತ್ತೆ ಕರಗುತ್ತದೆ.

ಒಂದು ರಾತ್ರಿ ಮುಚ್ಚಿಟ್ಟು ಗಸಿ ಇಳಿದ ಮೇಲೆ ಮೇಲಿನ ತಿಳಿಯನ್ನು ಸೋಸುವ ಕಾಗದದಲ್ಲಿ ಸೋಸಿ. ಗಸಿಯನ್ನು ಕೊನೆಗೆ ಹಾಕಬೇಕು, ಮೊದಲೇ ಹಾಕಿದರೆ ಕಾಗದ ಕಟ್ಟಿ ಇಡೀ ದಿನ ಹನಿ ಎಣಿಸುತ್ತ ಕೂರಬೇಕಾಗುತ್ತದೆ. ಕಾಗದವನ್ನು ಡಿಸ್ಟಿಲ್ಡ್ ನೀರಿನಿಂದ, ತೊಟ್ಟಿಕ್ಕುವ ಹನಿ ಉಪ್ಪುನೀರಿಗೆ ಬಿಳಿಯಾಗುವುದು ನಿಲ್ಲುವ ತನಕ ತೊಳೆಯಿರಿ.

ತಾಮ್ರ ಇಳಿಬಿಟ್ಟು ಬೆಳ್ಳಿ ಇಳಿಸುವುದು

ಸೋಸಿದ ದ್ರಾವಣದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಬೇರೆ ತೆಗೆದಿಡಿ. ಯಾಕೆಂದು ಮುಂದೆ ತಿಳಿಯುತ್ತದೆ. ಉಳಿದದ್ದನ್ನು ದೊಡ್ಡ ಗಾಜಿನ ಪಾತ್ರೆಗೆ ಹಾಕಿ, ನೀರು ಸೇರಿಸಿ ಒಟ್ಟು 700–800 ಮಿಲಿಲೀಟರ್ ಮಾಡಿ. ಗಟ್ಟಿ ದ್ರಾವಣದಲ್ಲಿ ಬೆಳ್ಳಿ ತಾಮ್ರದ ಮೇಲೆ ಹೊಪ್ಪಳೆಯಂತೆ ಕಟ್ಟಿಕೊಂಡು ಕೆಲಸ ನಿಲ್ಲುತ್ತದೆ. ತೆಳುವಾಗಿದ್ದರೆ ಹಗುರ ಬೂದಿಬಣ್ಣದ ಹತ್ತಿಯಂತೆ ಉದುರುತ್ತದೆ.

42 ಗ್ರಾಂ ಬೆಳ್ಳಿ ಇಳಿಯಲು ಕರಗುವ ತಾಮ್ರ 12–13 ಗ್ರಾಂ ಮಾತ್ರ. ಆದರೆ ಇಳಿಬಿಡುವ ತುಂಡು 100 ಗ್ರಾಮಿನಷ್ಟು ದಪ್ಪದ್ದಿರಲಿ: ಬಸ್‌ಬಾರಿನ ತುಂಡು (ವಿದ್ಯುತ್ ಫಲಕದ ದಪ್ಪ ತಾಮ್ರದ ಪಟ್ಟಿ), ದಪ್ಪ ಕೊಳವೆ ಅಥವಾ ಹೊದಿಕೆ ತೆಗೆದ ದಪ್ಪ ಕೇಬಲು. ಮೋಟಾರು ವೈಂಡಿಂಗಿನ ತಂತಿಗೆ ಬಣ್ಣದ ಲೇಪ ಇರುತ್ತದೆ, ಸುಟ್ಟರೂ ಪೂರ್ತಿ ಹೋಗದು. ಜತೆಗೆ ತೆಳು ತಂತಿ ಸವೆದು ತುಂಡಾಗಿ ಬೆಳ್ಳಿಯೊಳಗೆ ಬೆರೆತುಬಿಡುತ್ತದೆ. ಹಾಗಾಗಿ ಅದು ಬೇಡ. ತಾಮ್ರವನ್ನು ಮರಳುಕಾಗದದಲ್ಲಿ ತಿಕ್ಕಿ, ನೈಲಾನ್ ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ತೂಗುಹಾಕಿ. ನೋಡನೋಡುತ್ತಿದ್ದಂತೆ ಬೆಳ್ಳಿ ಪಾಚಿಯ ಹಾಗೆ ಬೆಳೆಯಲು ತೊಡಗಿ, ನೀರು ನೀಲಿಯೇರುತ್ತ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ದಾರ ಅಲುಗಿಸಿ ಉದುರಿಸಿ. ತಾಮ್ರದಿಂದ ಕಂದು ಹೊಗೆಯೋ ಗುಳ್ಳೆಯೋ ಬಂದರೆ ಆಸಿಡ್ ಮಿಕ್ಕಿದೆ. ಬೆಳ್ಳಿಗೆ ನಷ್ಟವಿಲ್ಲ, ತಾಮ್ರ ಮಾತ್ರ ಹೆಚ್ಚು ಸವೆಯುತ್ತದೆ.

ಮುಗಿಯಿತೇ ಎಂದು ನೋಡಲು ಬಿಳಿ ತಟ್ಟೆಯಲ್ಲಿ ಒಂದು ಹನಿ ದ್ರಾವಣ, ಅದಕ್ಕೊಂದು ಹನಿ ಉಪ್ಪುನೀರು. ಸ್ವಲ್ಪವೂ ಹಾಲಾಗದಿದ್ದರೆ ಬೆಳ್ಳಿ ಪೂರ್ತಿ ಇಳಿದಿದೆ. ಸಾಮಾನ್ಯವಾಗಿ ಒಂದು ರಾತ್ರಿ ಸಾಕು.

ತಾಮ್ರ ಎತ್ತಿ, ನೀಲಿ ನೀರನ್ನು ಬೇರೆ ಪ್ಲಾಸ್ಟಿಕ್ ಡಬ್ಬಕ್ಕೆ ಬಗ್ಗಿಸಿ. ಬೆಳ್ಳಿಯ ಹುಡಿಯಲ್ಲಿ ಎಲ್ಲಾದರೂ ಕೆಂಪು ಚುಕ್ಕಿ ಕಂಡರೆ ಅದು ತಾಮ್ರದ ಚೂರು. ಮೊದಲು ತೆಗೆದಿಟ್ಟ ಹತ್ತನೆಯ ಪಾಲನ್ನು ಈಗ ಹುಡಿಯ ಮೇಲೆ ಹಾಕಿ, ಬಿಸಿಮಾಡಿ ಕದಡುತ್ತಿರಿ. ತಾಮ್ರದ ಚೂರು ಕರಗಿ, ಅದರ ಜಾಗಕ್ಕೆ ಬೆಳ್ಳಿ ಇಳಿಯುತ್ತದೆ. ಆಮೇಲೆ ಆ ದ್ರಾವಣವನ್ನು ಬಗ್ಗಿಸಿ ಮುಂದಿನ ಸಲಕ್ಕೆ ಇಡಿ. ಹುಡಿಯನ್ನು ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ಆರೇಳು ಸಲ ತೊಳೆಯಿರಿ. ನೀರಿನ ನೀಲಿ ಮಾಸಿದ ಮೇಲೂ ಎರಡು ಸಲ ಹೆಚ್ಚು ತೊಳೆಯಬೇಕು. ಕ್ಯಾಡ್ಮಿಯಂಗೆ ಬಣ್ಣವಿಲ್ಲ, ಕಣ್ಣಿಗೆ ನೀಲಿ ಕಾಣಿಸದಿದ್ದ ಮಾತ್ರಕ್ಕೆ ಅದು ಹೋಗಿದೆ ಎನ್ನಲಾಗದು. ತೊಳೆದ ನೀರೆಲ್ಲ ನೀಲಿ ನೀರಿನ ಡಬ್ಬಕ್ಕೇ ಹೋಗಲಿ.

ಉಪ್ಪು ಹಾಕಿ ಬೆಳ್ಳಿಯನ್ನು ಕ್ಲೋರೈಡ್ ಮಾಡಿ, ಮತ್ತೆ ಕಾಸ್ಟಿಕ್ ಸೋಡ ಮತ್ತು ಸಕ್ಕರೆಯಿಂದ ಬೆಳ್ಳಿಯಾಗಿಸುವ ಕ್ರಮವೂ ಇದೆ. ಅದರಿಂದ ಶುದ್ಧತೆ ಹೆಚ್ಚು. ಆದರೆ ಆ ಮೊಸರಿನಂಥ ಕ್ಲೋರೈಡನ್ನು ತೊಳೆಯುವುದು ದೊಡ್ಡ ಕೆಲಸ, ಪೂರ್ತಿ ಮರಳಿ ಬೆಳ್ಳಿಯಾಗದ ಭಾಗ ಮೂಸೆಯಲ್ಲಿ ಬಿಳಿ ಹೊಗೆಯಾಗಿ ಹೋಗುತ್ತದೆ. ಮನೆಯಲ್ಲಿ ಮಾಡುವವರಿಗೆ ತಾಮ್ರದ ದಾರಿಯೇ ಒಳ್ಳೆಯದು. ಉಪ್ಪನ್ನು ಒಂದೇ ಕಡೆ ಬಳಸಿ: ಸೋಸುವಾಗ, ಪರೀಕ್ಷಿಸುವಾಗ ಉಳಿದ ಚಿಲ್ಲರೆ ಬೆಳ್ಳಿ ನೀರನ್ನೆಲ್ಲ ಒಂದು ಉಪ್ಪು ಹಾಕಿದ ಜಾಡಿಯಲ್ಲಿ ಕೂಡಿಡುತ್ತ ಹೋದರೆ ವರ್ಷಕ್ಕೊಮ್ಮೆ ಅದನ್ನು ಸಂಸ್ಕರಿಸಬಹುದು.

ಮೂಸೆ

ಹುಡಿ ಪೂರ್ತಿ ಒಣಗಿರಬೇಕು. ಬಿಸಿಲಿಗಿಟ್ಟು, ಆಮೇಲೆ ಕಾವಲಿಯ ಮೇಲೆ ನೀರಿನ ಕುದಿಗಿಂತ ಸ್ವಲ್ಪ ಹೆಚ್ಚು ಬಿಸಿಯಲ್ಲಿ ಅರ್ಧ ಗಂಟೆ. ಮಣ್ಣಿನ ಮೂಸೆಯನ್ನು ಮೊದಲು ಬರಿದೇ ಕೆಂಪಗೆ ಕಾಯಿಸಿ, ಬಿಳಿಗಾರ ಉದುರಿಸಿ ಒಳಮೈಗೆ ಗಾಜಿನಂತೆ ಲೇಪ ಬರಿಸಿ. ಆಮೇಲೆ ಹುಡಿ ಹಾಕಿ, ಮೇಲೊಂದು ಚಿಟಿಕೆ ಬಿಳಿಗಾರ. ಟಾರ್ಚನ್ನು ಮೊದಲು ದೂರ ಹಿಡಿಯಿರಿ, ಇಲ್ಲದಿದ್ದರೆ ಹಗುರ ಹುಡಿ ಗಾಳಿಗೆ ಹಾರುತ್ತದೆ. ಅಡುಗೆಮನೆಯ ಸಣ್ಣ ಬ್ಯುಟೇನ್ ಟಾರ್ಚಿಗೆ 40 ಗ್ರಾಂ ಕರಗದು, ಗಾಳಿ ಊದುವ ಎಲ್‌ಪಿಜಿ ಟಾರ್ಚು ಬೇಕು. ಇದಿಲ್ಲದವರು ಪರಿಚಯದ ಅಕ್ಕಸಾಲಿಗರಲ್ಲಿ ಒಯ್ದರೆ ಹತ್ತು ನಿಮಿಷದ ಕೆಲಸ. ಇದು ಪಾಯಿಂಟಿನಿಂದ ಬಂದ ಬೆಳ್ಳಿ ಎಂದು ಅವರಿಗೆ ತಿಳಿಸಲೇಬೇಕು.

ಕರಗಿದ ಬೆಳ್ಳಿ ಗಾಳಿಯ ಆಮ್ಲಜನಕವನ್ನು ತನ್ನ ಗಾತ್ರದ ಸುಮಾರು 20 ಪಟ್ಟು ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಒಮ್ಮೆಗೇ ಬಿಡುತ್ತದೆ. ಗಟ್ಟಿಯ ಮೈ ಬಿರಿದು ಹೂಕೋಸಿನಂತಾಗಿ ಬೆಳ್ಳಿ ಸಿಡಿಯುವುದು ಅದರಿಂದ. ಎರಕ ಹೊಯ್ಯುವ ಮೊದಲು ತೆಂಗಿನ ಗೆರಟೆಯ ಇದ್ದಲಿನ ಒಂದು ಚೂರನ್ನು ಮೇಲೆ ತೇಲಿಬಿಟ್ಟರೆ ಅದು ಆಮ್ಲಜನಕವನ್ನು ತಿಂದು ಈ ತೊಂದರೆ ತಪ್ಪಿಸುತ್ತದೆ. ಅಚ್ಚನ್ನು ಬಿಸಿಮಾಡದೆ ಹೊಯ್ಯಬಾರದು. ನಮ್ಮ ತೇವದ ಹವೆಯಲ್ಲಿ ಒಣಗಿದಂತೆ ಕಾಣುವ ಕಬ್ಬಿಣದ ಅಚ್ಚಿನಲ್ಲೂ ನೀರಿನ ಪಸೆ ಇರುತ್ತದೆ, ಅದು ಉಗಿಯಾಗಿ ಕರಗಿದ ಬೆಳ್ಳಿಯನ್ನು ಮುಖಕ್ಕೆ ಎರಚುತ್ತದೆ.

ಮೂಸೆಯಲ್ಲಿ ಉಳಿದ ಬಿಳಿಗಾರದ ಗಾಜನ್ನು ನೋಡಿ. ಬಣ್ಣವಿಲ್ಲದೆ ಇದ್ದರೆ ಬೆಳ್ಳಿ ಚೆನ್ನಾಗಿದೆ. ಹಸಿರು, ನೀಲಿ, ಕೆಂಪು ಇದ್ದರೆ ತಾಮ್ರ ಉಳಿದಿದೆ, ತೊಳೆದದ್ದು ಸಾಲದು. ಸರಿಯಾಗಿ ಮಾಡಿದರೆ ನೂರಕ್ಕೆ 98–99ರ ಶುದ್ಧತೆ ಬರುತ್ತದೆ. ಮುಂದಿನ ಸಲಕ್ಕೆ ಇಟ್ಟ ದ್ರಾವಣದಲ್ಲಿ ಉಳಿದ ಬೆಳ್ಳಿಯನ್ನೂ ಲೆಕ್ಕಕ್ಕೆ ಹಿಡಿದು 50 ಗ್ರಾಂ ಪಾಯಿಂಟಿಗೆ 40 ಗ್ರಾಂ ಬಂದರೆ ಕೆಲಸ ಚೆನ್ನಾಗಿ ಆಗಿದೆ. 35ಕ್ಕಿಂತ ಕಡಿಮೆಯಾದರೆ ಒಂದೋ ಪಾಯಿಂಟಿನ ಹಿಂದೆ ತಾಮ್ರ ಹೆಚ್ಚಿತ್ತು, ಇಲ್ಲವೇ ಬೆಳ್ಳಿ ಇನ್ನೂ ಸೋಸುವ ಕಾಗದದಲ್ಲೋ ನೀಲಿ ನೀರಿನಲ್ಲೋ ಇದೆ. ಮಗುವಿನ ಉಡಿದಾರ, ಹಾಲಿನ ಲೋಟ ಮಾಡಿಸುವ ಯೋಚನೆಯಿದ್ದರೆ ಆಭರಣದಂಗಡಿಯಲ್ಲಿರುವ, ಲೋಹದಲ್ಲಿ ಏನೇನಿದೆ ಎಂದು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಕ್ಯಾಡ್ಮಿಯಂ ಸೊನ್ನೆ ಎಂದು ನೋಡಿಸಿಕೊಳ್ಳಿ. ಚೂರೇ ಚೂರು ತೋರಿದರೂ ಆ ಗಟ್ಟಿಯನ್ನು ಮತ್ತೆ ಆಸಿಡ್‌ನಿಂದ ಶುರುಮಾಡಬೇಕು.

ನೀಲಿ ನೀರು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ನೋಡಲು ಅದು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಕರಗಿಸಿದ ನೀರಿನಂತೆಯೇ ಇರುತ್ತದೆ. ‘ತಾಮ್ರದ ನೀರು ತಾನೇ, ಸುಣ್ಣ ಸೇರಿಸಿ ಬೋರ್ಡೋ ಮಾಡಿ ಮರಕ್ಕೆ ಹೊಡೆಯೋಣ’ ಎಂಬ ಯೋಚನೆ ತೋಟದವರಿಗೆ ಸಹಜವಾಗಿ ಬರುತ್ತದೆ. ಇದರಲ್ಲಿ ಕ್ಯಾಡ್ಮಿಯಂ ಇದೆ, ತೋಟಕ್ಕೆ ಒಂದು ಹನಿಯೂ ಹೋಗಬಾರದು. ಭತ್ತ ಮತ್ತು ಸೊಪ್ಪು ಅದನ್ನು ಮಣ್ಣಿನಿಂದ ಸುಲಭವಾಗಿ ಹೀರಿಕೊಳ್ಳುತ್ತವೆ. ಜಪಾನಿನ ಜಿಂಜು ನದಿಯ ಕಣಿವೆಯಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆ ಸೇರಿ, ಅನ್ನ ಉಂಡವರ ಮೂಳೆಗಳು ಮುರಿಯುವ ಇಟಾಯ್-ಇಟಾಯ್ ಕಾಯಿಲೆ ಬಂದದ್ದು ಹೀಗೆ. ನಮ್ಮ ಮುರಕಲ್ಲಿನ ನೆಲ ನೀರನ್ನು ಹಿಡಿದಿಡುವುದಿಲ್ಲ. ಗುಡ್ಡೆಯ ಮೇಲೆ ಚೆಲ್ಲಿದ್ದು ಕೆಳಗಿನ ಮನೆಯ ಬಾವಿಗೋ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಕ್ಕೋ ಇಳಿಯುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಏನು ಮಾಡಿತೆಂದು ಇಲ್ಲಿಯ ಎಣ್ಮಕಜೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಡೋಸಲ್ಫಾನಾದರೂ ಕಾಲಾಂತರದಲ್ಲಿ ಒಡೆದುಹೋಗುತ್ತದೆ, ಕ್ಯಾಡ್ಮಿಯಂ ಮೂಲಧಾತು, ಅದು ಒಡೆಯುವುದೇ ಇಲ್ಲ.

ಅದಕ್ಕೆ ಬೇಕಾದ ಮದ್ದು ಮಾತ್ರ ತೋಟದ ಮನೆಯಲ್ಲೇ ಇದೆ: ಬೋರ್ಡೋಗೆ ತಂದ ಸುಣ್ಣ. ಅರಳಿದ ಸುಣ್ಣವನ್ನು ನೀರಿನಲ್ಲಿ ಗಂಜಿಯಂತೆ ಕದಡಿ, ನೀಲಿ ನೀರಿಗೆ ಸ್ವಲ್ಪಸ್ವಲ್ಪವೇ ಹಾಕುತ್ತ ಪ್ಲಾಸ್ಟಿಕ್ ಕೋಲಿನಿಂದ ತಿರುವಿ. ಒಂದು 50 ಗ್ರಾಮಿನ ಸರದಿಗೆ 40ರಿಂದ 60 ಗ್ರಾಂ ಒಣ ಸುಣ್ಣ ಬೇಕಾಗಬಹುದು. ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಿಎಚ್ ಕಾಗದ ನೋಡುತ್ತ ಹೋಗಿ. 8 ಆಗುವ ಹೊತ್ತಿಗೆ ತಾಮ್ರ ನೀಲಿ ಮಡ್ಡಿಯಾಗಿ ಇಳಿದು ಮೇಲಿನ ನೀರು ತಿಳಿಯಾಗುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ. ಮುಗಿದಿಲ್ಲ. ಕ್ಯಾಡ್ಮಿಯಂ ಚೆನ್ನಾಗಿ ಇಳಿಯುವುದು ಪಿಎಚ್ 10.5ರಿಂದ 11ರಲ್ಲಿ. ಅಲ್ಲಿಗೆ ತಲುಪಿದ ಮೇಲೆ ಎರಡು ದಿನ ಮುಚ್ಚಿಟ್ಟು, ಮತ್ತೊಮ್ಮೆ ಪಿಎಚ್ ನೋಡಿ, ಇಳಿದಿದ್ದರೆ ಇನ್ನಷ್ಟು ಸುಣ್ಣ ಹಾಕಿ.

ಮೇಲಿನ ತಿಳಿಯನ್ನೂ ಚರಂಡಿಗೆ ಬಿಡಬೇಡಿ. ಅಗಲ ಪ್ಲಾಸ್ಟಿಕ್ ತಟ್ಟೆಗೆ ಹಾಕಿ, ಕೋಳಿ, ದನ, ಮಕ್ಕಳು ಮುಟ್ಟದ ಕಡೆ ಮಾರ್ಚ್–ಏಪ್ರಿಲಿನ ಬಿಸಿಲಿಗೆ ಇಂಗಿಸಿ. ಕೆಳಗಿನ ಮಡ್ಡಿಯನ್ನು ಬಟ್ಟೆಯಲ್ಲಿ ಸೋಸಿ, ಧೂಳೇಳದಂತೆ ಸ್ವಲ್ಪ ಪಸೆ ಇರುವಾಗಲೇ ಗಟ್ಟಿ ಮುಚ್ಚಳದ ಡಬ್ಬಕ್ಕೆ ತುಂಬಿ. ತಟ್ಟೆಯಲ್ಲಿ ಉಳಿದ ಉಪ್ಪು, ಸೋಸಿದ ಕಾಗದ, ಬಳಸಿದ ಗವಸು ಕೂಡ ಅದೇ ಡಬ್ಬಕ್ಕೆ. ಮೇಲೆ ‘ಕ್ಯಾಡ್ಮಿಯಂ, ತಾಮ್ರ, ನಿಕ್ಕಲ್ – ವಿಷ’ ಎಂದು ಕನ್ನಡ, ಮಲಯಾಳ ಎರಡರಲ್ಲೂ, ತಾರೀಖು ಸಹಿತ ಬರೆಯಿರಿ. ಕಾಂಟ್ಯಾಕ್ಟರಿನ ಪ್ಲಾಸ್ಟಿಕ್, ಬೋರ್ಡುಗಳನ್ನು ಇ-ತ್ಯಾಜ್ಯ ಎಂದು ಹೇಳಿ, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಬಹುದು, ಈ ಡಬ್ಬವನ್ನು ಅವರ ಚೀಲಕ್ಕೆ ಹಾಕುವಂತಿಲ್ಲ. ಅಪಾಯಕಾರಿ ತ್ಯಾಜ್ಯದ ಪರವಾನಗಿ ಇರುವವರಿಗೇ ಅದು ಸೇರಬೇಕು. ಎಲ್ಲಿಗೆ, ಹೇಗೆ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಸರಗೋಡು ಕಚೇರಿಯಲ್ಲಿ ಕೇಳಿ. ಡಬ್ಬ ಕೊಡುವ ವ್ಯವಸ್ಥೆ ಆಗುವ ತನಕ ಎರಡನೆಯ ಸರದಿಗೆ ಆಸಿಡ್ ತರಬೇಡಿ; ಅಲ್ಲಿಯವರೆಗೆ ಕತ್ತರಿಸಿದ ಪಾಯಿಂಟುಗಳನ್ನು ಒಂದು ಬಾಟಲಿಯಲ್ಲಿ ಕೂಡಿಡುತ್ತಿರಿ, ಅವು ಹಾಳಾಗುವುದಿಲ್ಲ.